ಬೆಳಗಾವಿ–ಖಾನಾಪುರದ ಗುಡ್ಡಸಾಲು: ನಡೆದು ನೋಡುವವರಿಗೆ ಮಾಹಿತಿ

ಪೀಠಿಕೆ

ಬೆಳಗಾವಿ ನಗರದ ನಿವಾಸಿಗಳಿಗೆ ಗುಡ್ಡಗಾಡು ದೂರದ ವಿಷಯವಲ್ಲ. ನಗರದಿಂದ ನೈರುತ್ಯ ದಿಕ್ಕಿಗೆ ಸುಮಾರು ಒಂದು ಗಂಟೆ ಪ್ರಯಾಣ ಮಾಡಿದಲ್ಲಿ ಖಾನಾಪುರ ತಾಲ್ಲೂಕಿನ ಜಾಂಬೋಟಿ ಗ್ರಾಮವು ದೊರೆಯುತ್ತದೆ. ಅಲ್ಲಿಂದ ಮುಂದೆ ಕಣಕುಂಬಿ, ಚೋರ್ಲಾ ಘಟ್ಟದವರೆಗೆ ಒಂದು ಕಡೆಯೂ, ಹೆಮ್ಮಡಗಾ, ಭೀಮಗಡದ ಕಡೆಗೆ ಇನ್ನೊಂದು ಕಡೆಯೂ ಸಹ್ಯಾದ್ರಿಯ ಗುಡ್ಡಸಾಲು ಹಬ್ಬಿದೆ. ರಜಾ ದಿನಗಳಲ್ಲಿ, ವಿಶೇಷವಾಗಿ ಮಳೆಗಾಲದಲ್ಲಿ ಹಾಗೂ ಮಳೆ ನಿಂತ ನಂತರದ ದಿನಗಳಲ್ಲಿ, ನಗರದ ಜನರು ನಡಿಗೆಗಾಗಿ ಮತ್ತು ಮನಸ್ಸಿನ ಉಲ್ಲಾಸಕ್ಕಾಗಿ ಇತ್ತ ಬರುವುದು ರೂಢಿಯಾಗಿದೆ.

ಹೀಗೆ ಬರುವವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಎಲ್ಲಿ ನಡೆಯಬಹುದು ಎಂಬುದು ಒಂದು. ಕೆಲವು ಸ್ಥಳಗಳಿಗೆ ಏಕೆ ಬಿಡುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ರಸ್ತೆ ಬದಿಯ ಫಲಕಗಳು ಉತ್ತರ ನೀಡುತ್ತವೆ. ಎರಡನೆಯದಕ್ಕೆ ಫಲಕದಲ್ಲಿ ಸ್ಥಳ ಸಾಲುವುದಿಲ್ಲ. 'ಪ್ರವೇಶ ನಿಷೇಧಿಸಲಾಗಿದೆ' ಎಂಬ ಎರಡು ಪದಗಳ ಹಿಂದೆ ಇರುವ ಕಾರಣಗಳನ್ನು ಸಾರ್ವಜನಿಕರಿಗೆ ತಿಳಿಯಪಡಿಸುವುದು ಈ ಲೇಖನದ ಮುಖ್ಯ ಉದ್ದೇಶವಾಗಿದೆ. ಕಾರಣ ತಿಳಿದವರು ನಿಯಮವನ್ನು ತಾವಾಗಿಯೇ ಪಾಲಿಸುತ್ತಾರೆ ಎಂಬುದು ಅನುಭವದ ಮಾತು.

ಗುಡ್ಡಸಾಲಿನ ಸ್ವರೂಪ

ಬೆಳಗಾವಿ ನಗರವು ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಆದುದರಿಂದ ನಗರದಿಂದ ಹೊರಟವರಿಗೆ ತಾವು ಬೆಟ್ಟ ಹತ್ತುತ್ತಿರುವ ಅನುಭವ ಹೆಚ್ಚಾಗಿ ಆಗುವುದಿಲ್ಲ. ಪ್ರಸ್ಥಭೂಮಿಯ ಮೇಲೆಯೇ ಸಾಗಿ, ಕಣಕುಂಬಿಯನ್ನು ದಾಟಿದ ಮೇಲೆ ನೆಲವು ಒಮ್ಮೆಲೇ ಗೋವಾದ ಕಡೆಗೆ ಕುಸಿಯುವುದು ಕಾಣುತ್ತದೆ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮೋಡಗಳು ಈ ಅಂಚಿಗೆ ತಾಗಿ ಮೇಲೇರುವಾಗ ಮಳೆ ಸುರಿಸುತ್ತವೆ. ಈ ಕಾರಣದಿಂದಾಗಿ ಕಣಕುಂಬಿ ಪರಿಸರದಲ್ಲಿ ಬೀಳುವ ಮಳೆಯು ಬೆಳಗಾವಿ ನಗರದಲ್ಲಿ ಬೀಳುವ ಮಳೆಯ ಎರಡು ಪಟ್ಟಿಗಿಂತಲೂ ಅಧಿಕ.

ಗುಡ್ಡಗಳ ನೆತ್ತಿಯ ಮೇಲೆ ಹಲವೆಡೆ ಮರಗಳಿಲ್ಲದ, ಚಪ್ಪಟೆಯಾದ ಕಲ್ಲುಹಾಸುಗಳಿವೆ. ಇವು ಜಂಬಿಟ್ಟಿಗೆ ಅಥವಾ ಚಿರೇಕಲ್ಲಿನ ಹಾಸುಗಳು. ಬೇಸಿಗೆಯಲ್ಲಿ ಇವುಗಳನ್ನು ನೋಡಿದವರು ನಿರುಪಯುಕ್ತ ಬಂಜರು ಭೂಮಿಯೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಈ ಕಲ್ಲು ರಂಧ್ರಮಯವಾಗಿದ್ದು, ಮಳೆಯ ನೀರನ್ನು ಹೀರಿಕೊಂಡು ಕೆಳಗೆ ಇಳಿಸುತ್ತದೆ. ಕಲ್ಲಿನ ಕೆಳಗಿರುವ ಜೇಡಿ ಪದರವು ನೀರನ್ನು ತಡೆಯುವುದರಿಂದ, ಅದು ಅಡ್ಡಲಾಗಿ ಹರಿದು ಗುಡ್ಡದ ಅಂಚಿನಲ್ಲಿ ಒರತೆಯಾಗಿ ಹೊರಬರುತ್ತದೆ. ಈ ಒರತೆಗಳ ಸುತ್ತ ನಿತ್ಯಹರಿದ್ವರ್ಣ ಮರಗಳ ತೋಪು ಬೆಳೆಯುತ್ತದೆ. ಅದರಿಂದ ಹೊರಟ ಹಳ್ಳವು ಮುಂದೆ ನದಿಯಾಗುತ್ತದೆ.

ಮಳೆ ಕಡಿಮೆಯಾಗುವ ಆಗಸ್ಟ್–ಅಕ್ಟೋಬರ್ ಅವಧಿಯಲ್ಲಿ ಇದೇ ಕಲ್ಲುಹಾಸಿನ ಮೇಲೆ ಅಂಗುಲ ಎತ್ತರದ ಹೂಗಿಡಗಳು ಮೂಡುತ್ತವೆ. ಮರಾಠಿ ಮಾತನಾಡುವವರು 'ಸೀತೆಯ ಕಣ್ಣೀರು' ಎಂಬ ಅರ್ಥದ ಹೆಸರಿನಿಂದ ಕರೆಯುವ ನೀಲಿ ಹೂವಿನ ಯುಟ್ರಿಕ್ಯುಲೇರಿಯಾ, ಅಂಟುರಸದಿಂದ ಕೀಟ ಹಿಡಿಯುವ ಡ್ರಾಸೆರಾ ಮುಂತಾದವು ಅವುಗಳಲ್ಲಿ ಮುಖ್ಯವಾದವು. ಕಲ್ಲಿನ ಮೇಲೆ ನಿಂತಿರುವ ಮಣ್ಣು ತೀರಾ ತೆಳುವಾದುದರಿಂದ ಪೋಷಕಾಂಶ ಕಡಿಮೆ. ಆ ಕೊರತೆಯನ್ನು ಈ ಗಿಡಗಳು ಕೀಟಗಳಿಂದ ತುಂಬಿಕೊಳ್ಳುತ್ತವೆ. ಇಂತಹ ಕಲ್ಲುಹಾಸಿನ ಮೇಲೆ ಒಂದು ವಾಹನ ಹತ್ತಿ ತಿರುಗಿದರೆ ಆ ತೆಳು ಮಣ್ಣು ಕಿತ್ತು ಹೋಗಿ, ಮುಂದಿನ ಮಳೆಯಲ್ಲಿ ಕೊಚ್ಚಿಹೋಗುತ್ತದೆ. ಅದು ಮತ್ತೆ ಕೂಡಿಬರಲು ಬಹಳ ಕಾಲ ಬೇಕು. ವಾಹನಗಳನ್ನು ರಸ್ತೆ ಬಿಟ್ಟು ಕಲ್ಲುಹಾಸಿನ ಮೇಲೆ ಒಯ್ಯಬಾರದು ಎಂಬ ಸೂಚನೆಗೆ ಇದೇ ಕಾರಣ.

ನೀರಿನ ಜಮಾ–ಖರ್ಚು

ಈ ಗುಡ್ಡಸಾಲನ್ನು ಒಂದು ಖಾತೆಯೆಂದು ಭಾವಿಸಿದರೆ ವಿಷಯ ಸುಲಭವಾಗಿ ತಿಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳು ಜಮಾ ಆಗುವ ಕಾಲ. ಉಳಿದ ಎಂಟು ತಿಂಗಳು ಖರ್ಚಿನ ಕಾಲ. ಕಲ್ಲುಹಾಸು, ಕಾಡು ಹಾಗೂ ಒರತೆಗಳು ಸುಸ್ಥಿತಿಯಲ್ಲಿದ್ದಷ್ಟು ಕಾಲ ಖರ್ಚು ನಿಧಾನವಾಗಿ ನಡೆಯುತ್ತದೆ. ಅವು ಕೆಟ್ಟಲ್ಲಿ ಜಮಾ ಆದ ನೀರು ಅದೇ ದಿನ ಹರಿದು ಹೋಗುತ್ತದೆ.

ಈ ಖಾತೆಯ ಫಲಾನುಭವಿಗಳು ಯಾರು ಎಂಬುದನ್ನು ನೋಡೋಣ. ಬೆಳಗಾವಿ ನಗರದ ಕುಡಿಯುವ ನೀರಿನ ಎರಡು ಮೂಲಗಳಲ್ಲಿ ಒಂದಾದ ರಾಕಸಕೊಪ್ಪ ಜಲಾಶಯವು ಮಾರ್ಕಂಡೇಯ ನದಿಯದು. ಮಾರ್ಕಂಡೇಯ ನದಿಯು ಖಾನಾಪುರ ತಾಲ್ಲೂಕಿನ ಬೈಲೂರು ಪರಿಸರದ ಗುಡ್ಡಗಳಲ್ಲಿ ಹುಟ್ಟಿ, ಮುಂದೆ ಗೋಕಾಕ ಸಮೀಪ ಘಟಪ್ರಭಾ ನದಿಯನ್ನು ಸೇರುತ್ತದೆ. ಪ್ರತಿ ಮಳೆಗಾಲದಲ್ಲಿ ರಾಕಸಕೊಪ್ಪದ ನೀರಿನ ಮಟ್ಟ 2475 ಅಡಿಗೆ ತಲುಪಿತೇ ಎಂದು ನಗರದ ಜನರು ಪತ್ರಿಕೆಗಳಲ್ಲಿ ನೋಡುತ್ತಾರೆ. ಆ ಅಂಕಿಯು ನಿರ್ಧಾರವಾಗುವುದು ಈ ಗುಡ್ಡಗಳಲ್ಲಿ.

ಮಲಪ್ರಭಾ ನದಿಯು ಕಣಕುಂಬಿಯಲ್ಲಿ ಸುಮಾರು 790 ಮೀಟರ್ ಎತ್ತರದಲ್ಲಿ ಉಗಮಿಸುತ್ತದೆ. ಹಬ್ಬನಹಟ್ಟಿ, ಅಸೋಗಾ, ಖಾನಾಪುರ, ಎಂ.ಕೆ. ಹುಬ್ಬಳ್ಳಿಗಳ ಮೂಲಕ ಹರಿದು ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ರೇಣುಕಾಸಾಗರ ಜಲಾಶಯವಾಗಿ ನಿಲ್ಲುತ್ತದೆ. ಸುಮಾರು 37.73 ಟಿ.ಎಂ.ಸಿ. ಅಡಿ ಸಾಮರ್ಥ್ಯದ ಈ ಜಲಾಶಯವು ಹುಬ್ಬಳ್ಳಿ–ಧಾರವಾಡ ಅವಳಿ ನಗರಗಳಿಗೆ ಕುಡಿಯುವ ನೀರನ್ನು ಒದಗಿಸುತ್ತದೆ. ನದಿಯು ಮುಂದೆ ಪಟ್ಟದಕಲ್ಲು, ಐಹೊಳೆಗಳನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ.

ಮಹದಾಯಿ ನದಿಯು ಇದೇ ತಾಲ್ಲೂಕಿನ ದೇಗಾಂವ ಪರಿಸರದ ಕಾಡಿನಲ್ಲಿ ಹುಟ್ಟಿ, ಪಶ್ಚಿಮಕ್ಕೆ ಹರಿದು, ಗೋವಾದಲ್ಲಿ ಮಾಂಡೋವಿ ಎಂಬ ಹೆಸರಿನಿಂದ ಪಣಜಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಈ ನದಿಯ ನೀರಿನ ಹಂಚಿಕೆಗಾಗಿ 2010ರಲ್ಲಿ ರಚಿಸಲಾದ ನ್ಯಾಯಮಂಡಳಿಯು 2018ರ ಆಗಸ್ಟ್ 14ರಂದು ತೀರ್ಪು ನೀಡಿರುವುದು ಸಾರ್ವಜನಿಕರಿಗೆ ತಿಳಿದ ವಿಷಯವಾಗಿದೆ.

ಕಣಕುಂಬಿಯ ನೆಲದ ಮೇಲೆ ನಿಂತವರು ಒಂದು ಸಂಗತಿಯನ್ನು ಗಮನಿಸಬಹುದು. ಒಂದು ಪಕ್ಕದ ಮಳೆಹನಿಯು ಮಲಪ್ರಭೆಯಾಗಿ, ಕೃಷ್ಣೆಯಾಗಿ, ಕರ್ನಾಟಕ, ತೆಲಂಗಾಣ, ಆಂಧ್ರಪ್ರದೇಶಗಳನ್ನು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಪಕ್ಕದ ಹನಿಯು ಕಳಸಾ ನಾಲೆಯ ಮೂಲಕ ಮಹದಾಯಿಗೆ ಸೇರಿ, ನೂರು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ ಅರಬ್ಬೀ ಸಮುದ್ರವನ್ನು ಮುಟ್ಟುತ್ತದೆ. ಎರಡು ಸಮುದ್ರಗಳ ನೀರು ಬೇರ್ಪಡುವ ಸ್ಥಳವು ನಗರದಿಂದ ಅರ್ಧ ದಿನದಲ್ಲಿ ಹೋಗಿ ಬರಬಹುದಾದಷ್ಟು ಸಮೀಪದಲ್ಲಿರುವುದು ಬೆಳಗಾವಿಯ ಜನರ ಭಾಗ್ಯವೆನ್ನಬೇಕು.

ಭೀಮಗಡ ವನ್ಯಜೀವಿಧಾಮ

ಶಿವಾಜಿ ಮಹಾರಾಜರ ಕಾಲದ್ದೆಂದು ಹೇಳಲಾಗುವ ಭೀಮಗಡ ಕೋಟೆಯ ಹೆಸರನ್ನು ಹೊತ್ತಿರುವ ಈ ವನ್ಯಜೀವಿಧಾಮವನ್ನು 2011ರ ಡಿಸೆಂಬರ್‌ನಲ್ಲಿ ಘೋಷಿಸಲಾಯಿತು. ಇದರ ವಿಸ್ತೀರ್ಣ 190.42 ಚದರ ಕಿಲೋಮೀಟರ್. ಪಶ್ಚಿಮಕ್ಕೆ ಗೋವಾದ ಮಹದಾಯಿ ಅಭಯಾರಣ್ಯ, ದಕ್ಷಿಣದ ಕಡೆಗೆ ದಾಂಡೇಲಿ ಭಾಗದ ಕಾಳಿ ಹುಲಿ ಸಂರಕ್ಷಿತ ಪ್ರದೇಶಗಳ ಕಾಡನ್ನು ಒಂದಕ್ಕೊಂದು ಜೋಡಿಸುವ ಮಾರ್ಗವಾಗಿ ಭೀಮಗಡವು ಮಹತ್ವ ಪಡೆದಿದೆ. ಹುಲಿ, ಚಿರತೆ, ಸೀಳುನಾಯಿ, ಕರಡಿ, ಕಾಡುಕೋಣ, ಕಡವೆ, ಕೆಂದಳಿಲು, ಕಾಳಿಂಗ ಸರ್ಪ, ಮಂಗಟ್ಟೆ ಹಕ್ಕಿ ಮುಂತಾದವು ಇಲ್ಲಿನ ಪ್ರಾಣಿ–ಪಕ್ಷಿ ಸಂಪತ್ತು.

ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ 27ನೇ ಪ್ರಕರಣದನ್ವಯ ವನ್ಯಜೀವಿಧಾಮದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವಂತಿಲ್ಲ. ಧಾಮದೊಳಗಿನ ನಿವಾಸಿಗಳು ಹಾಗೂ ಅದರ ಮೂಲಕ ಹಾದುಹೋಗುವ ಸಾರ್ವಜನಿಕ ರಸ್ತೆಯನ್ನು ಬಳಸುವವರು ಇದಕ್ಕೆ ಹೊರತು. ಅದೇ ಪ್ರಕರಣದಲ್ಲಿ ಪ್ರಾಣಿಗಳನ್ನು ಕೆಣಕುವುದನ್ನೂ ಕಸ ಎಸೆಯುವುದನ್ನೂ ನಿಷೇಧಿಸಲಾಗಿದೆ. 28ನೇ ಪ್ರಕರಣದ ಪ್ರಕಾರ ಅಧ್ಯಯನ, ಛಾಯಾಗ್ರಹಣ, ಸಂಶೋಧನೆ, ಪ್ರವಾಸ ಮುಂತಾದ ಉದ್ದೇಶಗಳಿಗೆ ಅನುಮತಿ ನೀಡಲು ಅವಕಾಶವಿದೆ. ಅಂದರೆ ಬಾಗಿಲನ್ನು ಪೂರ್ಣವಾಗಿ ಮುಚ್ಚಲಾಗಿಲ್ಲ. ಕೇಳಿ ಒಳಬರಬೇಕು ಎಂಬುದಷ್ಟೇ ನಿಯಮ.

ಬಾರಾಪೇಡೆ ಗುಹೆ ಮತ್ತು ಅದರ ನಿವಾಸಿ

ಧಾಮದೊಳಗಿನ ತಳೇವಾಡಿ ಸಮೀಪ ಬಾರಾಪೇಡೆ ಎಂಬ ಗುಹೆಯಿದೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಕಳೆದ ಶತಮಾನದ ಆರಂಭದಲ್ಲಿ ಕೈಗೊಂಡ ಸಸ್ತನಿ ಸಮೀಕ್ಷೆಯ ಕಾಲದಲ್ಲಿ ಇಲ್ಲಿಂದ ಒಂದು ಬಾವಲಿ ದೊರೆಯಿತು. ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸ್ ಅವರು 1913ರಲ್ಲಿ ಅದನ್ನು ಹೊಸ ಜಾತಿಯೆಂದು ವರ್ಣಿಸಿದರು. ಅರಣ್ಯಾಧಿಕಾರಿಯಾಗಿದ್ದ ರಾಟನ್ ಎಂಬುವರ ಹೆಸರನ್ನು ಅದಕ್ಕೆ ಇಡಲಾಯಿತು. ಇದರ ಬಾಲವು ರೆಕ್ಕೆಯ ಪೊರೆಯಿಂದ ಹೊರಗೆ ಬಿಡಿಯಾಗಿರುವುದರಿಂದ ಇದನ್ನು ರಾಟನ್ನನ ಬಿಡಿಬಾಲದ ಬಾವಲಿ ಎನ್ನಬಹುದು. ಮುಖದ ಮುಂದಕ್ಕೆ ಚಾಚಿದ ದೊಡ್ಡ ಕಿವಿಗಳು ಇದರ ಗುರುತು.

ಹಲವು ದಶಕಗಳವರೆಗೆ ಜಗತ್ತಿನಲ್ಲಿ ಈ ಜಾತಿಯ ಬಾವಲಿಗೆ ಬಾರಾಪೇಡೆಯೊಂದೇ ತಿಳಿದ ನೆಲೆಯಾಗಿತ್ತು. ತರುವಾಯ ಮೇಘಾಲಯದಿಂದಲೂ ಕಾಂಬೋಡಿಯಾದಿಂದಲೂ ಇದು ವರದಿಯಾಗಿದೆ. ಆದರೂ ನಮ್ಮ ರಾಜ್ಯದ ಮಟ್ಟಿಗೆ ಬಾರಾಪೇಡೆಯ ಮಹತ್ವ ಕಡಿಮೆಯಾಗಿಲ್ಲ. ಅಧಿನಿಯಮದ 1ನೇ ಅನುಸೂಚಿಯಲ್ಲಿ, ಅಂದರೆ ಹುಲಿಗೆ ಕೊಟ್ಟ ಸ್ಥಾನದಲ್ಲಿಯೇ, ಈ ಬಾವಲಿಯನ್ನು ಸೇರಿಸಲಾಗಿದೆ.

ಗುಹೆಯೊಳಗೆ ಹೋಗಿ ಒಮ್ಮೆ ನೋಡಿ ಬಂದರೆ ಏನಾಗುತ್ತದೆ ಎಂದು ಕೆಲವರು ಕೇಳುವುದುಂಟು. ಬಹುತೇಕ ಬಾವಲಿ ಜಾತಿಗಳಲ್ಲಿ ತಾಯಿಯು ವರ್ಷಕ್ಕೆ ಒಂದೇ ಮರಿಗೆ ಜನ್ಮ ನೀಡುತ್ತದೆ. ಟಾರ್ಚ್ ಬೆಳಕು, ಹೊಗೆ ಅಥವಾ ಸದ್ದಿಗೆ ಬೆದರಿ ಗುಂಪು ಒಮ್ಮೆಲೇ ಹಾರಿದಲ್ಲಿ ಮರಿಗಳು ಕೆಳಗೆ ಬೀಳಬಹುದು. ಬಿದ್ದ ಮರಿ ಬದುಕುವುದು ಕಷ್ಟ. ಪದೇ ಪದೇ ತೊಂದರೆಯಾದಲ್ಲಿ ಗುಂಪು ಗುಹೆಯನ್ನೇ ಬಿಟ್ಟು ಹೋಗುವ ಸಂಭವವಿದೆ. ನೋಡಲು ಹೋದವರ ಉದ್ದೇಶ ಒಳ್ಳೆಯದೇ ಆಗಿದ್ದರೂ ಹಾನಿಯ ಪ್ರಮಾಣ ಅದರಿಂದ ಕಡಿಮೆಯಾಗುವುದಿಲ್ಲ. ಆದುದರಿಂದ ಬಾರಾಪೇಡೆಯನ್ನು ವಿಹಾರದ ಸ್ಥಳವೆಂದು ಯಾರೂ ಪರಿಗಣಿಸಬಾರದು.

ಜಲಪಾತಗಳ ಬಗ್ಗೆ

ಜಾಂಬೋಟಿಯಿಂದ ಮುಂದೆ ಗವಾಳಿ–ಚಾಪೋಲಿ ಗ್ರಾಮಗಳ ನಡುವೆ ಮಹದಾಯಿ ನದಿಯು ಸುಮಾರು 200 ಅಡಿ ಕೆಳಗೆ ಧುಮುಕುವ ಸ್ಥಳವೇ ವಜ್ರಪೋಹಾ ಜಲಪಾತ. ಚಿಖಲೆ ಮುಂತಾದ ಇತರ ಜಲಪಾತಗಳೂ ಈ ಭಾಗದಲ್ಲಿವೆ. ಮಳೆಗಾಲದಲ್ಲಿ ಇವು ಅತ್ಯಂತ ರಮಣೀಯವಾಗಿರುತ್ತವೆ. ಅತ್ಯಂತ ಅಪಾಯಕಾರಿಯಾಗಿರುವುದೂ ಆಗಲೇ. ಇತ್ತೀಚಿನ ವರ್ಷಗಳಲ್ಲಿ ಮಳೆಗಾಲದ ಅವಧಿಗೆ ಪ್ರವೇಶವನ್ನು ನಿರ್ಬಂಧಿಸುತ್ತಿರುವುದಕ್ಕೆ ಇದು ಕಾರಣ.

ನಗರವಾಸಿಗಳು ಸಾಮಾನ್ಯವಾಗಿ ತಾವು ನಿಂತ ಸ್ಥಳದ ಮಳೆಯನ್ನು ನೋಡಿ ಅಪಾಯವನ್ನು ಅಳೆಯುತ್ತಾರೆ. ಹಳ್ಳದ ನೀರು ಏರುವುದು ಮೇಲಿನ ಗುಡ್ಡದಲ್ಲಿ ಬಿದ್ದ ಮಳೆಯಿಂದ. ತಾವು ನಿಂತಲ್ಲಿ ಬಿಸಿಲಿದ್ದರೂ ಸಹ ಕೆಲವೇ ನಿಮಿಷಗಳಲ್ಲಿ ಪ್ರವಾಹ ಬರಬಹುದು. ಹೋಗುವಾಗ ಮೊಣಕಾಲಿನಷ್ಟಿದ್ದ ಹಳ್ಳವು ಮರಳುವಾಗ ದಾಟಲಾರದಷ್ಟಾಗಬಹುದು. ಕಲ್ಲಿನ ಮೇಲಿನ ಪಾಚಿಯ ಜಾರಿಕೆಯನ್ನು ಯಾವ ಪಾದರಕ್ಷೆಯೂ ಪೂರ್ತಿಯಾಗಿ ತಡೆಯಲಾರದು.

ಅಪಾಯವು ಮಳೆಗಾಲಕ್ಕೆ ಮಾತ್ರ ಸೀಮಿತವೂ ಅಲ್ಲ. ಬೆಳಗಾವಿಗೆ ಸಮೀಪದ, ಮಹಾರಾಷ್ಟ್ರದ ಚಂದಗಡ ತಾಲ್ಲೂಕಿನ ಕಿತವಾಡ ಜಲಪಾತದಲ್ಲಿ 2022ರ ನವೆಂಬರ್‌ನಲ್ಲಿ ವಿಹಾರಕ್ಕೆಂದು ಹೋಗಿದ್ದ ಬೆಳಗಾವಿಯ ನಾಲ್ವರು ಯುವತಿಯರು ನೀರುಪಾಲಾದರು. ಆಗ ಮಳೆಗಾಲ ಮುಗಿದಿತ್ತು. ಒಂದು ಛಾಯಾಚಿತ್ರಕ್ಕಾಗಿ ಅಂಚಿಗೆ ಇಡುವ ಒಂದು ಹೆಜ್ಜೆಯ ಬೆಲೆ ಎಷ್ಟಾಗಬಹುದು ಎಂಬುದನ್ನು ಪ್ರತಿಯೊಬ್ಬ ಪಾಲಕರೂ ತಮ್ಮ ಮಕ್ಕಳಿಗೆ ತಿಳಿಸಿ ಹೇಳುವುದು ಅಗತ್ಯ.

ಕಾಡಿನೊಳಗಿನ ಗ್ರಾಮಗಳು

ತಳೇವಾಡಿ, ಗವಾಳಿ, ಪಾಸ್ತೊಳಿ, ಕೊಂಗಳಾ, ಆಮಗಾಂವ, ದೇಗಾಂವ, ಕೃಷ್ಣಾಪುರ, ಮೆಂಡಿಲ್ ಮುಂತಾದ ಗ್ರಾಮಗಳು ಈ ಕಾಡಿನ ನಡುವೆ ಇವೆ. ನಗರದಿಂದ ಬಂದವರಿಗೆ ಸಾಹಸವೆನಿಸುವ ಕಾಲುದಾರಿಯು ಈ ಗ್ರಾಮಸ್ಥರಿಗೆ ಸಂತೆಯ, ಶಾಲೆಯ ಹಾಗೂ ಆಸ್ಪತ್ರೆಯ ದಾರಿಯಾಗಿದೆ. 2024ರ ಜುಲೈ ತಿಂಗಳಲ್ಲಿ ಆಮಗಾಂವದ ಅಸ್ವಸ್ಥ ಮಹಿಳೆಯೊಬ್ಬರನ್ನು ಗ್ರಾಮಸ್ಥರು ಸುರಿಯುವ ಮಳೆಯಲ್ಲಿ, ತಾವೇ ಸಿದ್ಧಪಡಿಸಿದ ಡೋಲಿಯಲ್ಲಿ ಹೊತ್ತು ಹಲವು ಕಿಲೋಮೀಟರ್ ನಡೆದು ರಸ್ತೆಗೆ ತಲುಪಿಸಿದರು. ಆ ಬಳಿಕ ಇಂತಹ ಗ್ರಾಮಗಳ ಸ್ಥಳಾಂತರದ ವಿಷಯ ಹೆಚ್ಚು ಗಮನ ಪಡೆಯಿತು. 2025ರ ಮೇ ತಿಂಗಳಲ್ಲಿ, ಸ್ವಇಚ್ಛೆಯಿಂದ ಸ್ಥಳಾಂತರಕ್ಕೆ ಒಪ್ಪಿದ ತಳೇವಾಡಿಯ 27 ಕುಟುಂಬಗಳಿಗೆ ಪರಿಹಾರ ಧನದ ಮೊದಲ ಕಂತನ್ನು ವಿತರಿಸಲಾಯಿತು.

ವಿಹಾರಕ್ಕೆ ಬರುವವರು ಇದರಿಂದ ಎರಡು ವಿಷಯಗಳನ್ನು ಗ್ರಹಿಸಬೇಕು. ಒಂದು, ಈ ಕಾಡಿನಲ್ಲಿ ಕಾಲು ಮುರಿದುಕೊಂಡ ಚಾರಣಿಗರಿಗೂ ಅದೇ ಡೋಲಿಯೇ ಗತಿ; ಆ ಡೋಲಿಗೆ ಹೆಗಲು ಕೊಡುವವರು ತಮ್ಮ ಹೊಲದ ಕೆಲಸ ಬಿಟ್ಟು ಬರುವ ಇದೇ ಗ್ರಾಮಸ್ಥರು. ಎರಡು, ಕಾಡಿನ ರಕ್ಷಣೆಗಾಗಿ ತಲೆಮಾರುಗಳ ಮನೆ–ಮಠವನ್ನು ಬಿಟ್ಟುಕೊಡಲು ಕುಟುಂಬಗಳು ಮುಂದೆ ಬಂದಿರುವಾಗ, ಭಾನುವಾರದ ಅತಿಥಿಗಳು ಒಂದು ಫಲಕವನ್ನು ಗೌರವಿಸುವುದು ಹೆಚ್ಚಿನ ತ್ಯಾಗವೇನಲ್ಲ.

ಎಲ್ಲಿ ನಡೆಯಬಹುದು

ನಿರ್ಬಂಧಗಳಿಲ್ಲದೆ, ಕುಟುಂಬ ಸಮೇತ ಹೋಗಿ ಬರಲು ಅನುಕೂಲವಾದ ಸ್ಥಳಗಳು ಸಾಕಷ್ಟಿವೆ.

1. ರಾಜಹಂಸಗಡ: ಬೆಳಗಾವಿಯಿಂದ ಸುಮಾರು 15 ಕಿ.ಮೀ. ದೂರದಲ್ಲಿ ಯಳ್ಳೂರು ಗ್ರಾಮದ ಬಳಿ ಗುಡ್ಡದ ಮೇಲಿರುವ ಕೋಟೆ. ಕೋಟೆಯೊಳಗೆ ಸಿದ್ಧೇಶ್ವರ ದೇವಾಲಯವಿದೆ. ಮೇಲಿನಿಂದ ಸುತ್ತಲಿನ ಹೊಲಗದ್ದೆಗಳೂ ನಗರವೂ ಕಾಣುತ್ತವೆ. ಬೆಳಗಿನ ನಡಿಗೆಗೆ ಸೂಕ್ತ.

2. ಕಣಕುಂಬಿ: ಮಲಪ್ರಭೆಯ ಉಗಮಸ್ಥಾನ. ಮಾವುಲಿ ದೇವಿ ಹಾಗೂ ರಾಮೇಶ್ವರ ದೇವಾಲಯಗಳಿವೆ. ಗ್ರಾಮದ ರಸ್ತೆಗಳಲ್ಲಿ ನಡೆದೇ ಜಲವಿಭಜನೆಯ ನೆಲವನ್ನು ನೋಡಬಹುದು.

3. ಹಬ್ಬನಹಟ್ಟಿ: ಜಾಂಬೋಟಿ ಸಮೀಪ ಮಲಪ್ರಭೆಯ ದಂಡೆಯ ಮೇಲಿನ ಆಂಜನೇಯ ಕ್ಷೇತ್ರ. ಮಳೆಗಾಲದಲ್ಲಿ ನದಿ ತುಂಬಿದಾಗ ದೇವಾಲಯವು ಮುಳುಗುವುದರಿಂದ ಆ ಸಮಯದಲ್ಲಿ ನದಿಗೆ ಇಳಿಯಬಾರದು.

4. ಅಸೋಗಾ: ಖಾನಾಪುರ ಪಟ್ಟಣದ ಸಮೀಪ, ನದಿ ದಂಡೆಯ ರಾಮಲಿಂಗೇಶ್ವರ ದೇವಾಲಯ. ವೃದ್ಧರಿಗೂ ಮಕ್ಕಳಿಗೂ ಅನುಕೂಲ. ಇಲ್ಲಿಯೂ ನೀರಿನ ಮಟ್ಟ ನೋಡಿಕೊಂಡೇ ಇಳಿಯಬೇಕು.

ಗುಡ್ಡಗಳವರೆಗೆ ಹೋಗಲಾಗದವರಿಗೆ ನಗರದೊಳಗೆ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಆವರಣದ ಹಳೆಯ ಮರಗಳ ನೆರಳಿನ ದಾರಿಯು ನಿತ್ಯದ ನಡಿಗೆಗೆ ಒದಗುತ್ತದೆ.

ವನ್ಯಜೀವಿಧಾಮ ಹಾಗೂ ಕಾಯ್ದಿಟ್ಟ ಅರಣ್ಯದಲ್ಲಿ ಚಾರಣ ಮಾಡಬಯಸುವವರು ಖಾನಾಪುರ, ಕಣಕುಂಬಿ ಅಥವಾ ಭೀಮಗಡ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸತಕ್ಕದ್ದು. ರಾಜ್ಯದ ಅಧಿಕೃತ ಚಾರಣ ಪಥಗಳಿಗೆ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಅಂತರ್ಜಾಲ ತಾಣದ ಮೂಲಕ ಮುಂಗಡವಾಗಿ ಕಾಯ್ದಿರಿಸುವ ವ್ಯವಸ್ಥೆಯನ್ನು 2024ರಿಂದ ಜಾರಿಗೆ ತರಲಾಗಿದೆ.

ನಡೆಯುವವರಿಗೆ ಸೂಚನೆಗಳು

1. ಬೆಳಿಗ್ಗೆ ಬೇಗ ಹೊರಟು, ಸೂರ್ಯಾಸ್ತಕ್ಕೆ ಮುನ್ನ ಮುಖ್ಯ ರಸ್ತೆಗೆ ಮರಳಬೇಕು. ಕರಡಿ ಮತ್ತು ಕಾಡುಕೋಣಗಳು ಮುಸ್ಸಂಜೆಯಲ್ಲಿ ಹೆಚ್ಚಾಗಿ ಸಂಚರಿಸುತ್ತವೆ.

2. ಹೋಗುವ ಸ್ಥಳ ಮತ್ತು ಮರಳುವ ಸಮಯವನ್ನು ಮನೆಯಲ್ಲಿ ತಿಳಿಸಿ ಹೊರಡಬೇಕು. ಕಾಡಿನ ಬಹುಭಾಗದಲ್ಲಿ ಮೊಬೈಲ್ ಸಂಪರ್ಕ ದೊರೆಯುವುದಿಲ್ಲ.

3. ಒಂಟಿಯಾಗಿ ಹೋಗಬಾರದು. ಸ್ಥಳೀಯ ಮಾರ್ಗದರ್ಶಕರನ್ನು ಜೊತೆಗೆ ಕರೆದೊಯ್ಯುವುದು ಉತ್ತಮ. ಇದರಿಂದ ಗ್ರಾಮಸ್ಥರಿಗೆ ಒಂದು ದಿನದ ದುಡಿಮೆಯೂ ದೊರೆಯುತ್ತದೆ.

4. ತುಂಬು ತೋಳಿನ ಅಂಗಿ, ಉದ್ದನೆಯ ಪ್ಯಾಂಟು ಹಾಗೂ ಬೂಟು ಧರಿಸಬೇಕು. ಮಳೆಗಾಲದಲ್ಲಿ ಜಿಗಣೆ, ಬೇಸಿಗೆಯಲ್ಲಿ ಉಣ್ಣೆಗಳ ಕಾಟವಿರುತ್ತದೆ. ಮಂಗನ ಕಾಯಿಲೆಯು ಉಣ್ಣೆಗಳ ಮೂಲಕ ಹರಡುತ್ತದೆ. ಗೋವಾದ ಗೇರು ತೋಟಗಳ ಕೆಲಸಕ್ಕೆ ಹೋಗಿದ್ದ ಈ ಜಿಲ್ಲೆಯ ಕಾರ್ಮಿಕರಲ್ಲಿ 2016ರಲ್ಲಿ ಈ ಕಾಯಿಲೆ ಕಂಡುಬಂದಿತ್ತು. ಕಾಡಿಗೆ ಹೋಗಿ ಬಂದ ಕೆಲವು ದಿನಗಳಲ್ಲಿ ಜ್ವರ ಬಂದಲ್ಲಿ ವೈದ್ಯರಿಗೆ ಆ ವಿಷಯವನ್ನು ತಪ್ಪದೆ ತಿಳಿಸಬೇಕು.

5. ಬೆಂಕಿ ಹಚ್ಚಬಾರದು; ಬೀಡಿ–ಸಿಗರೇಟಿನ ತುಂಡುಗಳನ್ನು ಎಸೆಯಬಾರದು. ಜನವರಿಯಿಂದ ಮೇವರೆಗೆ ಒಣಗಿದ ಹುಲ್ಲು ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

6. ಪ್ಲಾಸ್ಟಿಕ್ ಹಾಗೂ ಗಾಜಿನ ಬಾಟಲಿಗಳನ್ನು ತಂದವರೇ ಮರಳಿ ಒಯ್ಯಬೇಕು. ಇಲ್ಲಿನ ಹಳ್ಳಕ್ಕೆ ಎಸೆದದ್ದು ಕುಡಿಯುವ ನೀರಿನ ಜಲಾಶಯವನ್ನು ಸೇರುತ್ತದೆ.

7. ಮದ್ಯಪಾನ ಮಾಡಿ ನೀರಿಗೆ ಇಳಿಯಬಾರದು. ಧ್ವನಿವರ್ಧಕ ಬಳಸಬಾರದು.

8. ಗ್ರಾಮಗಳಲ್ಲಿ ಜನರ ಅನುಮತಿಯಿಲ್ಲದೆ ಅವರ ಮತ್ತು ಅವರ ಮನೆಗಳ ಛಾಯಾಚಿತ್ರ ತೆಗೆಯಬಾರದು.

ತುರ್ತು ಸಂದರ್ಭದಲ್ಲಿ 112, ಆಂಬುಲೆನ್ಸ್‌ಗಾಗಿ 108 ಹಾಗೂ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಬಹುದು. ನಿಯಮ ಉಲ್ಲಂಘಿಸಿದವರ ಮೇಲೆ 1972ರ ಅಧಿನಿಯಮದ 51ನೇ ಪ್ರಕರಣದಡಿ ಕ್ರಮ ಜರುಗಿಸಲು ಅವಕಾಶವಿದ್ದು, 2022ರ ತಿದ್ದುಪಡಿಯ ನಂತರ ಸಾಮಾನ್ಯ ಉಲ್ಲಂಘನೆಗಳಿಗೆ ವಿಧಿಸಬಹುದಾದ ದಂಡದ ಗರಿಷ್ಠ ಮಿತಿಯು ರೂ. 25,000ದಿಂದ ರೂ. 1,00,000ಕ್ಕೆ ಏರಿದೆ.

ಮುಕ್ತಾಯ

ಗುಡ್ಡವನ್ನು ಪ್ರೀತಿಸಲು ಅದರ ಪ್ರತಿಯೊಂದು ಮೂಲೆಯನ್ನೂ ತುಳಿಯಬೇಕಾಗಿಲ್ಲ. ನಲ್ಲಿಯಲ್ಲಿ ನೀರು ಬಂದಾಗ ಅದು ಎಲ್ಲಿಂದ ಬಂತೆಂದು ನೆನೆದರೂ ಆ ಗುಡ್ಡದೊಡನೆ ಸಂಬಂಧ ಉಳಿಯುತ್ತದೆ. ಮಕ್ಕಳನ್ನು ಒಮ್ಮೆ ಕಣಕುಂಬಿಗೆ ಕರೆದೊಯ್ದು, ಮಲಪ್ರಭೆಯು ಹುಟ್ಟುವ ಸ್ಥಳವನ್ನು ತೋರಿಸಿ, ಅಲ್ಲಿಂದ ಎರಡು ಸಮುದ್ರಗಳ ಕಡೆಗೆ ನೀರು ಹೊರಡುವುದನ್ನು ವಿವರಿಸಿದರೆ ಪಠ್ಯಪುಸ್ತಕದ ಒಂದು ಪಾಠ ಕಣ್ಣೆದುರು ನಿಲ್ಲುತ್ತದೆ. ಈ ಗುಡ್ಡಸಾಲು ಮುಂದಿನ ಪೀಳಿಗೆಗೂ ಇದೇ ಸ್ಥಿತಿಯಲ್ಲಿ ದೊರೆಯುವಂತಾಗಲು ಸಾರ್ವಜನಿಕರು ಮೇಲಿನ ಸೂಚನೆಗಳನ್ನು ಪಾಲಿಸಿ ಸಹಕರಿಸಬೇಕೆಂದು ಕೋರಲಾಗಿದೆ.